ಪ್ರಶ್ನೆಯ ವ್ಯಾಕರಣ: ಡೊಮೇನ್ ಖಾತೆಗಳನ್ನು ಆಜ್ಞಾಸಾಲಿನಿಂದ ವಿಚಾರಿಸುವ ಕ್ರಮ

ಪೀಠಿಕೆ

ಕನ್ನಡವನ್ನು ಐಚ್ಛಿಕ ವಿಷಯವಾಗಿ ಅಭ್ಯಾಸ ಮಾಡಿದವರು ಮುಂದೆ ಅಧ್ಯಾಪಕರಾಗುತ್ತಾರೆ. ಕಚೇರಿ, ಗ್ರಂಥಾಲಯ, ಪತ್ರಿಕಾಲಯ, ಬ್ಯಾಂಕುಗಳಲ್ಲಿ ಸೇವೆಗೆ ಸೇರುತ್ತಾರೆ. ಇವುಗಳಲ್ಲಿ ಎಲ್ಲಿಗೆ ಹೋದರೂ ಮೊದಲ ದಿನವೇ ಕೈಗೆ ದೊರೆಯುವುದು ಒಂದು ಬಳಕೆದಾರ ಹೆಸರು ಮತ್ತು ಒಂದು ಗುಪ್ತಪದ. ಆ ಹೆಸರು ಎಲ್ಲಿ ದಾಖಲಾಗಿದೆ, ಅದು ಯಾವ ಗುಂಪುಗಳಿಗೆ ಸೇರಿದೆ, ಆ ಸೇರ್ಪಡೆಯಿಂದ ಯಾವ ಅಧಿಕಾರ ಲಭಿಸಿದೆ ಎಂಬುದನ್ನು ತಿಳಿಯದೆಯೇ ವರ್ಷಗಟ್ಟಲೆ ದುಡಿಯುವವರು ಬಹಳ ಮಂದಿ. ಪರೀಕ್ಷೆಯ ದಿನ ಪ್ರಯೋಗಾಲಯದ ಗಣಕ ಒಳಗೆ ಬಿಡದಿದ್ದಾಗ, ಅಥವಾ ಕಾಲೇಜು ಬಿಟ್ಟು ಹೋದವರ ಖಾತೆಯಿಂದ ಯಾರೋ ಕಡತಗಳನ್ನು ತೆರೆದಾಗ ಮಾತ್ರ ಈ ವಿಷಯದ ಮಹತ್ವ ಅರಿವಿಗೆ ಬರುತ್ತದೆ.

ಪ್ರಸ್ತುತ ಪಾಠದ ಉದ್ದೇಶ ಎರಡು. ವಿಂಡೋಸ್ ಜಾಲದ ಡೊಮೇನಿನಲ್ಲಿರುವ ಬಳಕೆದಾರರ ಮತ್ತು ಗುಂಪುಗಳ ಖಾತೆಗಳನ್ನು ಆಜ್ಞಾಸಾಲಿನಿಂದ, ಅಂದರೆ ಕಮಾಂಡ್ ಲೈನಿನಿಂದ, ವಿಚಾರಿಸುವ ಕ್ರಮವನ್ನು ತಿಳಿಸುವುದು ಒಂದು. ದೊರೆತ ಉತ್ತರವನ್ನು ಹೇಗೆ ಓದಬೇಕು ಎಂಬುದನ್ನು ತಿಳಿಸುವುದು ಇನ್ನೊಂದು. ಎರಡನೆಯದೇ ಹೆಚ್ಚು ಮುಖ್ಯವಾದುದು. ಗಣಕವು ಕೇಳಿದ ಸ್ಥಳದಲ್ಲಿ, ಕೇಳಿದ ಆಳಕ್ಕೆ, ಕೇಳಿದ ಕಾಗುಣಿತದಲ್ಲಿ ಮಾತ್ರ ಹುಡುಕುತ್ತದೆ. ಅದು ‘ಇಲ್ಲ’ ಎಂದಾಗ, ಆ ವ್ಯಕ್ತಿ ಇಲ್ಲವೆಂದು ಅರ್ಥವಾಗಬೇಕಿಲ್ಲ. ನಮ್ಮ ಪ್ರಶ್ನೆ ಅವನನ್ನು ಮುಟ್ಟಲಿಲ್ಲವೆಂದೂ ಆಗಬಹುದು. ಭಾಷೆಯ ವಿದ್ಯಾರ್ಥಿಗಳಿಗೆ ಈ ವಿವೇಕ ಹೊಸತಲ್ಲ.

ಒಂದು ಸೂಚನೆ: ಈ ಪಾಠದಲ್ಲಿ ಆಜ್ಞೆಗಳನ್ನು ಉಚ್ಚಾರಣೆಗೆ ಅನುಗುಣವಾಗಿ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಕೀಲಿಮಣೆಯಲ್ಲಿ ಒತ್ತುವಾಗ ಅವುಗಳನ್ನು ರೋಮನ್ ಅಕ್ಷರಗಳಲ್ಲಿಯೇ ಬರೆಯಬೇಕು. ದೊಡ್ಡಕ್ಷರ, ಸಣ್ಣಕ್ಷರಗಳ ಭೇದವನ್ನು ವಿಂಡೋಸ್ ಇಲ್ಲಿ ಎಣಿಸುವುದಿಲ್ಲ.

1. ಡೊಮೇನ್, ಖಾತೆ, ಗುಂಪು

ಒಂದು ಗಣಕ ಒಂಟಿಯಾಗಿದ್ದರೆ ಅದರ ಬಳಕೆದಾರರ ಪಟ್ಟಿ ಅದರೊಳಗೇ ಇರುತ್ತದೆ. ಕಾಲೇಜಿನಲ್ಲಿ ನೂರು ಗಣಕಗಳಿದ್ದರೆ ನೂರು ಪಟ್ಟಿಗಳನ್ನು ನಿರ್ವಹಿಸುವುದು ಅಸಾಧ್ಯ. ಆದ್ದರಿಂದ ಎಲ್ಲರ ಹೆಸರನ್ನೂ ಒಂದೇ ಕಡೆ ಬರೆದಿಟ್ಟು, ಉಳಿದ ಗಣಕಗಳು ಅಲ್ಲಿಗೆ ಹೋಗಿ ವಿಚಾರಿಸುವಂತೆ ಮಾಡುತ್ತಾರೆ. ಹೀಗೆ ಒಂದೇ ದಾಖಲೆಗೆ ಒಳಪಟ್ಟ ಗಣಕಗಳ ಮತ್ತು ಬಳಕೆದಾರರ ಸಮೂಹವೇ ಡೊಮೇನ್. ಆ ದಾಖಲೆಯನ್ನು ಡೈರೆಕ್ಟರಿ ಎನ್ನುತ್ತಾರೆ. ಅದನ್ನು ಕಾಪಾಡುವ ಗಣಕ ಡೊಮೇನ್ ನಿಯಂತ್ರಕ.

ಹಿಂದೆ ಶಾನುಭೋಗರು ಇಟ್ಟುಕೊಳ್ಳುತ್ತಿದ್ದ ಕಡತವನ್ನು ವಿದ್ಯಾರ್ಥಿಗಳು ಬಲ್ಲರು. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಲೇಪಿಸಿ, ಆ ಕಪ್ಪು ಮೈಯ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಜಮೀನು ಯಾರದೆಂಬುದನ್ನು ಊರವರ ಮಾತಿಗಿಂತ ಕಡತದ ಬರಹವೇ ತೀರ್ಮಾನಿಸುತ್ತಿತ್ತು. ಇಂದಿನ ಜಾಲದಲ್ಲಿ ಡೈರೆಕ್ಟರಿಗೆ ಅಂಥದೇ ಸ್ಥಾನವಿದೆ. ‘ಖಾತೆ’ ಎಂಬ ಪದವನ್ನು ಎರಡೂ ಕಡೆ ಬಳಸುತ್ತಿರುವುದು ಸಮಂಜಸವೇ ಆಗಿದೆ.

ಇಂಥ ಡೈರೆಕ್ಟರಿಗಳಿಗೆ ಅಂತರರಾಷ್ಟ್ರೀಯ ಮಾನಕವೊಂದು ಎಕ್ಸ್.500 ಎಂಬ ಹೆಸರಿನಲ್ಲಿ 1988ರಲ್ಲಿ ಪ್ರಕಟವಾಯಿತು. ಅದನ್ನು ಹಗುರಗೊಳಿಸಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಎಲ್‌ಡ್ಯಾಪ್ ಎಂಬ ಸಂವಾದ ನಿಯಮ 1993ರಲ್ಲಿ ಹೊರಬಂದಿತು. ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 2000ರೊಂದಿಗೆ ನೀಡಿದ ಆ್ಯಕ್ಟಿವ್ ಡೈರೆಕ್ಟರಿ ಇದೇ ನಿಯಮವನ್ನು ಅನುಸರಿಸುತ್ತದೆ. ನಾವು ಮೊದಲು ಕಲಿಯಲಿರುವ ‘ನೆಟ್’ ಆಜ್ಞೆಗಳಾದರೋ ಇದಕ್ಕಿಂತ ಹಳೆಯವು. ಅವು 1987ರ ಲ್ಯಾನ್ ಮ್ಯಾನೇಜರ್ ಕಾಲದ ಬಳುವಳಿ. ಹಳೆಯ ಆಜ್ಞೆಗಳಿಂದ ಹೊಸ ಡೈರೆಕ್ಟರಿಯನ್ನು ಕೇಳುವಾಗ ಉಂಟಾಗುವ ಕೊರತೆಗಳನ್ನು ಮುಂದೆ ನೋಡೋಣ.

ಖಾತೆಯ ಬಗ್ಗೆ ಇನ್ನೊಂದು ಮಾತು. ನಮಗೆ ಕಾಣುವುದು ಹೆಸರು. ಆದರೆ ಡೊಮೇನ್ ಗುರುತಿಸುವುದು ಸಿಡ್ ಎಂಬ ದೀರ್ಘವಾದ ಭದ್ರತಾ ಸಂಖ್ಯೆಯನ್ನು. ಮದುವೆಯ ಬಳಿಕ ಅಥವಾ ತಿದ್ದುಪಡಿಯ ಬಳಿಕ ಹೆಸರು ಬದಲಾದರೂ ಸಂಖ್ಯೆ ಬದಲಾಗದು. ಹಕ್ಕುಗಳು ಹಾಗೆಯೇ ಉಳಿಯುತ್ತವೆ. ಆದರೆ ಖಾತೆಯನ್ನು ಅಳಿಸಿ ಅದೇ ಹೆಸರಿನಲ್ಲಿ ಮತ್ತೆ ಸೃಷ್ಟಿಸಿದರೆ ಹೊಸ ಸಂಖ್ಯೆ ಬರುತ್ತದೆ. ಹೆಸರು ಅದೇ, ವ್ಯಕ್ತಿಯೂ ಅವನೇ. ಡೊಮೇನಿನ ದೃಷ್ಟಿಯಲ್ಲಿ ಮಾತ್ರ ಅವನು ಅಪರಿಚಿತ.

ಗುಂಪು ಎಂಬುದು ಹಕ್ಕುಗಳನ್ನು ಹಂಚುವ ಸಾಧನ. ಕನ್ನಡ ವಿಭಾಗದ ಹಂಚಿಕೆಯ ಕಡತಕೋಶವನ್ನು ಒಬ್ಬೊಬ್ಬ ವಿದ್ಯಾರ್ಥಿಗೂ ಪ್ರತ್ಯೇಕವಾಗಿ ತೆರೆದುಕೊಡುವ ಬದಲು ‘ಕನ್ನಡ ಐಚ್ಛಿಕ’ ಎಂಬ ಗುಂಪಿಗೆ ತೆರೆದುಕೊಡುತ್ತಾರೆ. ಆ ಗುಂಪಿನಲ್ಲಿ ಹೆಸರಿದ್ದವರಿಗೆ ಬಾಗಿಲು ತೆರೆಯುತ್ತದೆ.

2. ಆಜ್ಞೆಯ ವಾಕ್ಯರಚನೆ

ಮೊದಲನೆಯ ಆಜ್ಞೆ ಇದು:

ನೆಟ್ ಯೂಸರ್ /ಡೊಮೇನ್

ಇದನ್ನು ಒಂದು ವಾಕ್ಯವಾಗಿ ಬಿಡಿಸೋಣ. ‘ನೆಟ್’ ಎಂಬುದು ಜಾಲದ ಕೆಲಸ ಮಾಡುವ ಕಾರ್ಯಕ್ರಮ. ‘ಯೂಸರ್’ ಎಂಬುದು ಏನನ್ನು ಕುರಿತ ಪ್ರಶ್ನೆ ಎಂಬುದನ್ನು ತಿಳಿಸುತ್ತದೆ, ಕರ್ಮ ಪದವೆನ್ನಬಹುದು. ಓರೆಗೆರೆಯ ನಂತರದ ‘ಡೊಮೇನ್’ ಎಲ್ಲಿ ಹುಡುಕಬೇಕು ಎಂಬುದನ್ನು ಸೂಚಿಸುತ್ತದೆ. ಹಳಗನ್ನಡದಲ್ಲಿ ‘ಒಳ್’ ಎಂದೂ ಹೊಸಗನ್ನಡದಲ್ಲಿ ‘ಅಲ್ಲಿ’ ಎಂದೂ ಬರುವ ಸಪ್ತಮೀ ಪ್ರತ್ಯಯ ಯಾವ ಕೆಲಸ ಮಾಡುತ್ತದೆಯೋ ಆ ಕೆಲಸವನ್ನೇ ಈ ಪದ ಮಾಡುತ್ತದೆ. ಒಟ್ಟು ಅರ್ಥ: ‘ಡೊಮೇನಿನಲ್ಲಿರುವ ಬಳಕೆದಾರರನ್ನು ತೋರಿಸು.’

ಅಧಿಕರಣವನ್ನು ಬಿಟ್ಟು ಬರಿದೇ ‘ನೆಟ್ ಯೂಸರ್’ ಎಂದರೆ ಏನಾಗುತ್ತದೆ? ವಾಕ್ಯ ತಪ್ಪೆಂದು ಗಣಕ ಹೇಳುವುದಿಲ್ಲ. ಸಾಮಾನ್ಯ ಗಣಕದಲ್ಲಿ ಅದು ತನ್ನೊಳಗಿನ ಪಟ್ಟಿಯನ್ನೇ ತೋರಿಸಿ ಸುಮ್ಮನಾಗುತ್ತದೆ. ಮೂರೋ ನಾಲ್ಕೋ ಹೆಸರುಗಳು ಕಾಣುತ್ತವೆ. ‘ಇಡೀ ಕಾಲೇಜಿನ ಹೆಸರುಗಳೆಲ್ಲ ಎಲ್ಲಿ ಹೋದವು?’ ಎಂದು ಹೊಸಬರು ಗಾಬರಿಯಾಗುವುದು ಇಲ್ಲಿಯೇ. ಇದಕ್ಕೆ ವ್ಯತಿರಿಕ್ತವಾಗಿ, ‘ನೆಟ್ ಗ್ರೂಪ್’ ಎಂಬ ಆಜ್ಞೆಯನ್ನು ಅಧಿಕರಣವಿಲ್ಲದೆ ಕೊಟ್ಟರೆ, ಇದನ್ನು ಡೊಮೇನ್ ನಿಯಂತ್ರಕದಲ್ಲಿ ಮಾತ್ರ ಬಳಸಬಹುದೆಂದು ಗಣಕವು ಸ್ಪಷ್ಟವಾಗಿ ನಿರಾಕರಿಸುತ್ತದೆ. ನಿರಾಕರಣೆಯಿಂದ ತೊಂದರೆಯಿಲ್ಲ. ಬೇರೆಯೇ ಪ್ರಶ್ನೆಗೆ ಬಂದ ಸರಿಯಾದ ಉತ್ತರ ನಮ್ಮನ್ನು ಹೆಚ್ಚು ದಾರಿ ತಪ್ಪಿಸುತ್ತದೆ.

ಪ್ರಶ್ನೆ ಡೊಮೇನಿಗೆ ಹೋಯಿತೋ ಇಲ್ಲವೋ ಎಂದು ತಿಳಿಯಲು ಉತ್ತರದ ಮೊದಲ ಸಾಲನ್ನು ಓದಬೇಕು. ಕೋರಿಕೆಯನ್ನು ಇಂಥ ಡೊಮೇನಿನ ನಿಯಂತ್ರಕದಲ್ಲಿ ಪರಿಶೀಲಿಸಲಾಗುವುದು ಎಂಬ ಅರ್ಥದ ಸಾಲು ಅಲ್ಲಿರುತ್ತದೆ. ಕೊನೆಯಲ್ಲಿ ಆಜ್ಞೆ ಯಶಸ್ವಿಯಾಗಿ ಮುಗಿಯಿತು ಎಂಬ ಸಾಲು ಬರುತ್ತದೆ. ಈ ಕೊನೆಯ ಸಾಲು ಆಜ್ಞೆ ನಡೆಯಿತೆಂಬುದಕ್ಕೆ ಮಾತ್ರ ಸಾಕ್ಷಿ, ಪಟ್ಟಿ ಪರಿಪೂರ್ಣವೆಂಬುದಕ್ಕಲ್ಲ.

3. ಒಬ್ಬ ಬಳಕೆದಾರನ ವಿವರ

ಒಬ್ಬರ ವಿವರ ಬೇಕಾದಾಗ ಖಾತೆಯ ಹೆಸರನ್ನು ನಡುವೆ ಸೇರಿಸಬೇಕು:

ನೆಟ್ ಯೂಸರ್ ಗೀತಾ /ಡೊಮೇನ್

ಪರದೆಯ ಮೇಲೆ ಇಪ್ಪತ್ತಕ್ಕೂ ಹೆಚ್ಚು ಸಾಲುಗಳು ಮೂಡುತ್ತವೆ. ಅವುಗಳಲ್ಲಿ ಮುಖ್ಯವಾದವು ಇವು:

ಪೂರ್ಣ ಹೆಸರು ಮತ್ತು ಟಿಪ್ಪಣಿ. ಟಿಪ್ಪಣಿಯ ಜಾಗದಲ್ಲಿ ಗುಪ್ತಪದವನ್ನು ಬರೆದಿಡುವ ಕೆಟ್ಟ ರೂಢಿ ಕೆಲವು ಕಡೆ ಇದೆ. ಡೊಮೇನಿನೊಳಗಿನ ಯಾವ ಬಳಕೆದಾರನಾದರೂ ಇದೇ ಆಜ್ಞೆಯಿಂದ ಅದನ್ನು ಓದಬಲ್ಲನು ಎಂಬುದನ್ನು ನೆನಪಿಡಬೇಕು.

ಖಾತೆ ಸಕ್ರಿಯವೇ? ಈ ಸಾಲಿನಲ್ಲಿ ‘ಹೌದು’, ‘ಇಲ್ಲ’ ಅಥವಾ ‘ಬೀಗ ಬಿದ್ದಿದೆ’ ಎಂಬ ಮೂರು ಉತ್ತರಗಳಲ್ಲಿ ಒಂದು ಇರುತ್ತದೆ. ತಪ್ಪು ಗುಪ್ತಪದವನ್ನು ಹಲವು ಬಾರಿ ಒತ್ತಿದಾಗ ಬೀಗ ಬೀಳುತ್ತದೆ. ‘ಇಲ್ಲ’ ಎಂದಿದ್ದರೆ ನಿರ್ವಾಹಕರೇ ಖಾತೆಯನ್ನು ನಿಲ್ಲಿಸಿದ್ದಾರೆ ಎಂದರ್ಥ. ಎರಡಕ್ಕೂ ಪರಿಹಾರ ಬೇರೆ ಬೇರೆ.

ಖಾತೆಯ ಅವಧಿ ಮತ್ತು ಗುಪ್ತಪದದ ಅವಧಿ. ಇವು ಎರಡು ಪ್ರತ್ಯೇಕ ಸಾಲುಗಳು. ಆ್ಯಕ್ಟಿವ್ ಡೈರೆಕ್ಟರಿಯ ಮೂಲ ನಿಯಮದಂತೆ ಗುಪ್ತಪದದ ಆಯುಸ್ಸು 42 ದಿನ. ಸಂಸ್ಥೆಗಳು ಇದನ್ನು ಬದಲಿಸಿಕೊಳ್ಳಬಹುದು. ‘ನೆಟ್ ಅಕೌಂಟ್ಸ್ /ಡೊಮೇನ್’ ಎಂದು ಕೇಳಿದರೆ ಗುಪ್ತಪದದ ಕನಿಷ್ಠ ಉದ್ದ, ಅವಧಿ, ಎಷ್ಟು ತಪ್ಪಿಗೆ ಬೀಗ ಬೀಳುತ್ತದೆ ಎಂಬ ನಿಯಮಗಳು ತಿಳಿಯುತ್ತವೆ. ರಜೆ ಮುಗಿಸಿ ಬಂದ ದಿನ ಪ್ರವೇಶ ಸಿಗದ ವಿದ್ಯಾರ್ಥಿಯ ತೊಡಕು ಬಹುಪಾಲು ಈ ಎರಡು ಆಜ್ಞೆಗಳಿಂದಲೇ ಬಿಡಿಸಿಕೊಳ್ಳುತ್ತದೆ. ಇಲ್ಲಿ ಅವನ ತಪ್ಪೇನೂ ಇಲ್ಲವೆಂದು ತೋರಿಸುವ ದಾಖಲೆ ಕೈಯಲ್ಲಿದ್ದರೆ, ಅಧಿಕಾರಿಗಳೊಡನೆ ವಾದಿಸುವ ಪ್ರಸಂಗವೇ ಬರುವುದಿಲ್ಲ.

ಗುಂಪುಗಳ ಸದಸ್ಯತ್ವ. ಕೊನೆಯಲ್ಲಿ ಆ ಖಾತೆ ನೇರವಾಗಿ ಸೇರಿರುವ ಗುಂಪುಗಳ ಹೆಸರುಗಳಿರುತ್ತವೆ. ದೀರ್ಘವಾದ ಗುಂಪಿನ ಹೆಸರುಗಳು ಇಲ್ಲಿ ಮೊಟಕಾಗಿ ಕಾಣುತ್ತವೆ. ಆದುದರಿಂದ ಮೊದಲ ಅಕ್ಷರಗಳು ಒಂದೇ ಆಗಿರುವ ಎರಡು ಗುಂಪುಗಳನ್ನು ಒಂದೆಂದು ಭ್ರಮಿಸಬಾರದು.

ಇಲ್ಲಿ ಒಂದು ಅಪಾಯವನ್ನು ಸ್ಪಷ್ಟವಾಗಿ ಹೇಳಬೇಕು. ‘ನೆಟ್ ಯೂಸರ್’ ಆಜ್ಞೆಯಲ್ಲಿ ಹೆಸರಿನ ನಂತರ ಇನ್ನೊಂದು ಪದ ಬಂದರೆ ಅದು ಹೊಸ ಗುಪ್ತಪದವೆಂದು ಗಣಕ ಭಾವಿಸುತ್ತದೆ. ಪೂರ್ಣ ಹೆಸರಿನಿಂದ ವಿಚಾರಿಸುವ ಆಸೆಯಿಂದ ಯಾರಾದರೂ ‘ನೆಟ್ ಯೂಸರ್ ಗೀತಾ ಕೃಷ್ಣಮೂರ್ತಿ /ಡೊಮೇನ್’ ಎಂದು ಬರೆದರೆ, ಗೀತಾ ಎಂಬ ಖಾತೆಯ ಗುಪ್ತಪದವನ್ನು ‘ಕೃಷ್ಣಮೂರ್ತಿ’ ಎಂದು ಬದಲಿಸು ಎಂದು ಅದರ ಅರ್ಥ. ಸಾಮಾನ್ಯ ಬಳಕೆದಾರನಿಗೆ ಆ ಅಧಿಕಾರವಿಲ್ಲದಿರುವುದರಿಂದ ಆಜ್ಞೆ ನಿರಾಕರಿಸಲ್ಪಡುತ್ತದೆ. ನಿರ್ವಾಹಕನು ಹಾಗೆ ಬರೆದರೆ, ಆ ಪದ ನಿಯಮಗಳಿಗೆ ಹೊಂದುವಂತಿದ್ದಲ್ಲಿ, ಗುಪ್ತಪದ ಬದಲಾಗಿಬಿಡುತ್ತದೆ. ಒಂದು ಪದ ಹೆಚ್ಚಾದುದರಿಂದ ಪ್ರಶ್ನಾರ್ಥಕವು ವಿಧ್ಯರ್ಥಕವಾಗುವ ಉದಾಹರಣೆ ಇದು. ಆದಕಾರಣ ವಿಚಾರಣೆಗೆ ನಿರ್ವಾಹಕ ಖಾತೆಯನ್ನು ಬಳಸದಿರುವುದೇ ಉತ್ತಮ ಪದ್ಧತಿ. ಓದಲು ಸಾಮಾನ್ಯ ಖಾತೆ ಸಾಕು.

4. ಗುಂಪು ಮತ್ತು ಗುಂಪಿನೊಳಗಣ ಗುಂಪು

ಡೊಮೇನಿನ ಗುಂಪುಗಳನ್ನು ತಿಳಿಯಲು ‘ನೆಟ್ ಗ್ರೂಪ್ /ಡೊಮೇನ್’ ಎಂದೂ, ಒಂದು ಗುಂಪಿನ ಸದಸ್ಯರನ್ನು ತಿಳಿಯಲು ಆ ಗುಂಪಿನ ಹೆಸರನ್ನು ಸೇರಿಸಿಯೂ ಕೇಳಬೇಕು:

ನೆಟ್ ಗ್ರೂಪ್ "ಡೊಮೇನ್ ಅಡ್ಮಿನ್ಸ್" /ಡೊಮೇನ್

ಇಲ್ಲಿ ಉದ್ಧರಣ ಚಿಹ್ನೆಗಳು ಅಲಂಕಾರಕ್ಕಾಗಿ ಬಂದುವಲ್ಲ. ಗಣಕಕ್ಕೆ ಪದಗಳ ನಡುವಣ ತೆರಪೇ ಪದಚ್ಛೇದ. ಎರಡು ಪದಗಳುಳ್ಳ ಹೆಸರನ್ನು ಒಂದೇ ಪದವೆಂದು ತಿಳಿಸಬೇಕಾದರೆ ಅದನ್ನು ಉದ್ಧರಣದಲ್ಲಿ ಕಟ್ಟಬೇಕು. ನಾವು ಎರಡು ಪದಗಳನ್ನು ಸಮಾಸ ಮಾಡಿ ಒಂದಾಗಿಸುವಂತೆ ಗಣಕ ಈ ಚಿಹ್ನೆಗಳಿಂದ ಒಂದಾಗಿಸುತ್ತದೆ.

‘ಡೊಮೇನ್ ಅಡ್ಮಿನ್ಸ್’ ಎಂಬುದು ಡೊಮೇನಿನ ಸರ್ವಾಧಿಕಾರವುಳ್ಳ ಗುಂಪು. ಅದರ ಸದಸ್ಯರ ಪಟ್ಟಿಯನ್ನು ಆಗಾಗ ನೋಡುವುದು ಯಾವ ಸಂಸ್ಥೆಗಾದರೂ ಅಗತ್ಯ. ಆದರೆ ಮೇಲಿನ ಆಜ್ಞೆ ನೀಡುವ ಪಟ್ಟಿಯಲ್ಲಿ ದೊಡ್ಡ ಕೊರತೆಯೊಂದಿದೆ. ಆ್ಯಕ್ಟಿವ್ ಡೈರೆಕ್ಟರಿಯಲ್ಲಿ ಗುಂಪಿನೊಳಗೆ ಗುಂಪನ್ನು ಸೇರಿಸಬಹುದು. ‘ನೆಟ್ ಗ್ರೂಪ್’ ನೇರ ಸದಸ್ಯರಾದ ಬಳಕೆದಾರರನ್ನು ಮಾತ್ರ ತೋರಿಸುತ್ತದೆ. ಒಳಗಿನ ಗುಂಪನ್ನೂ ಆ ಗುಂಪಿನ ಸದಸ್ಯರನ್ನೂ ತೋರಿಸುವುದಿಲ್ಲ.

ಒಂದು ಕಾಲೇಜಿನ ಜಾಲವನ್ನು ಊಹಿಸೋಣ. ‘ಡೊಮೇನ್ ಅಡ್ಮಿನ್ಸ್’ ಗುಂಪಿನಲ್ಲಿ ಇಬ್ಬರು ನಿರ್ವಾಹಕರಿದ್ದಾರೆ. ಜೊತೆಗೆ ‘ಪ್ರಯೋಗಾಲಯ ಸಹಾಯಕರು’ ಎಂಬ ಗುಂಪನ್ನೂ ಯಾವುದೋ ತುರ್ತಿನಲ್ಲಿ ಅದರೊಳಗೆ ಸೇರಿಸಿದ್ದಾರೆ. ಆ ಸಹಾಯಕರ ಗುಂಪಿನಲ್ಲಿ ಹನ್ನೆರಡು ಖಾತೆಗಳಿವೆ, ಅವುಗಳಲ್ಲಿ ಕೆಲವು ಕಾಲೇಜು ಬಿಟ್ಟವರವು. ‘ನೆಟ್ ಗ್ರೂಪ್’ ಕೇಳಿದವರಿಗೆ ಕಾಣುವುದು ಇಬ್ಬರು. ಬೀಗದ ಕೈ ಇರುವುದು ಹದಿನಾಲ್ಕು ಜನರ ಬಳಿ. ಆಜ್ಞೆ ಯಶಸ್ವಿಯಾಗಿ ಮುಗಿಯಿತು ಎಂಬ ಸಾಲನ್ನು ಓದಿ ಸಮಾಧಾನಗೊಂಡರೆ ಉಳಿದ ಹನ್ನೆರಡು ಮಂದಿ ಮರೆಯಲ್ಲಿಯೇ ಉಳಿಯುತ್ತಾರೆ.

ಆಳಕ್ಕೆ ಇಳಿದು ಕೇಳಲು ವಿಂಡೋಸ್ ಸರ್ವರ್ 2003ರೊಂದಿಗೆ ಬಂದ ಡಿಎಸ್ ಆಜ್ಞೆಗಳು ಬೇಕು. ಇವು ಡೊಮೇನ್ ನಿಯಂತ್ರಕಗಳಲ್ಲಿಯೂ, ನಿರ್ವಹಣಾ ಉಪಕರಣಗಳನ್ನು ಸ್ಥಾಪಿಸಿದ ಗಣಕಗಳಲ್ಲಿಯೂ ಲಭ್ಯ.

ಡಿಎಸ್‌ಕ್ವೆರಿ ಗ್ರೂಪ್ -ನೇಮ್ "ಡೊಮೇನ್ ಅಡ್ಮಿನ್ಸ್" | ಡಿಎಸ್‌ಗೆಟ್ ಗ್ರೂಪ್ -ಮೆಂಬರ್ಸ್ -ಎಕ್ಸ್‌ಪ್ಯಾಂಡ್

ನಡುವಿನ ಲಂಬರೇಖೆ ಮೊದಲನೆಯ ಆಜ್ಞೆಯ ಉತ್ತರವನ್ನು ಎರಡನೆಯದಕ್ಕೆ ಒಪ್ಪಿಸುತ್ತದೆ. ‘ಹುಡುಕಿ, ಹುಡುಕಿದ್ದರ ಸದಸ್ಯರನ್ನು ಬಿಡಿಸಿ ಹೇಳು’ ಎಂದು ಅರ್ಥಮಾಡಿಕೊಳ್ಳಬಹುದು. ಕೊನೆಯ ‘ಎಕ್ಸ್‌ಪ್ಯಾಂಡ್’ ಇಲ್ಲದಿದ್ದರೆ ಒಳಗುಂಪಿನ ಹೆಸರು ಕಾಣುತ್ತದೆ, ಅದರ ಸದಸ್ಯರು ಕಾಣುವುದಿಲ್ಲ. ಅದಿದ್ದರೆ ಎಲ್ಲರೂ ಹೊರಬರುತ್ತಾರೆ. ಪವರ್‌ಶೆಲ್ ಬಳಸುವವರು ‘ಗೆಟ್-ಎಡಿಗ್ರೂಪ್‌ಮೆಂಬರ್’ ಎಂಬ ಆಜ್ಞೆಗೆ ‘ರಿಕರ್ಸಿವ್’ ಎಂಬ ವಿಶೇಷಣವನ್ನು ಸೇರಿಸಿ ಇದೇ ಫಲವನ್ನು ಪಡೆಯಬಹುದು. ಪವರ್‌ಶೆಲ್‌ನಲ್ಲಿ ಆಜ್ಞೆಯ ಹೆಸರು ಯಾವಾಗಲೂ ಕ್ರಿಯೆ, ನಾಮಪದ ಎಂಬ ಜೋಡಿಯಾಗಿರುತ್ತದೆ. ‘ಗೆಟ್’ ಎಂದು ಆರಂಭವಾಗುವುದು ಪಡೆಯುವ ಆಜ್ಞೆ. ‘ಸೆಟ್’, ‘ರಿಮೂವ್’ ಎಂದು ಆರಂಭವಾಗುವುದು ಬದಲಿಸುವ, ತೆಗೆಯುವ ಆಜ್ಞೆ. ಹಳೆಯ ‘ನೆಟ್ ಯೂಸರ್’ನಲ್ಲಿ ಪ್ರಶ್ನೆಗೂ ವಿಧಿಗೂ ಇದ್ದ ಗೊಂದಲ ಇಲ್ಲಿ ಕ್ರಿಯಾಪದದಲ್ಲಿಯೇ ನಿವಾರಣೆಯಾಗಿದೆ.

ತನ್ನ ಖಾತೆಯ ಬಗ್ಗೆ ಮಾತ್ರ ತಿಳಿಯಬೇಕಾದ ವಿದ್ಯಾರ್ಥಿಗೆ ಇದಾವುದೂ ಬೇಡ. ‘ಹೂಆ್ಯಮ್‌ಐ /ಗ್ರೂಪ್ಸ್’ ಎಂಬ ಆಜ್ಞೆ ಯಾವುದೇ ವಿಂಡೋಸ್ ಗಣಕದಲ್ಲಿ ದೊರೆಯುತ್ತದೆ. ‘ನಾನು ಯಾರು, ಯಾವ ಗುಂಪುಗಳವನು’ ಎಂಬುದಕ್ಕೆ ಒಳಗುಂಪುಗಳನ್ನೂ ಒಳಗೊಂಡು ಉತ್ತರಿಸುತ್ತದೆ. ಆದರೆ ಆ ಪಟ್ಟಿ ನಾವು ಒಳಬಂದ ಕ್ಷಣದಲ್ಲಿ ಸಿದ್ಧವಾದುದು. ನಮ್ಮನ್ನು ಹೊಸ ಗುಂಪಿಗೆ ಈಗಷ್ಟೇ ಸೇರಿಸಿದ್ದರೆ, ಹೊರಹೋಗಿ ಮತ್ತೆ ಒಳಬರುವ ತನಕ ಅದು ಅಲ್ಲಿ ಕಾಣದು, ಆ ಗುಂಪಿನ ಹಕ್ಕೂ ದೊರೆಯದು.

5. ಹೆಸರಿನ ಕಾಗುಣಿತ: ಗಡಿನಾಡಿನ ಸಮಸ್ಯೆ

ಈವರೆಗೆ ಸ್ಥಳ ಮತ್ತು ಆಳಗಳನ್ನು ನೋಡಿದೆವು. ಮೂರನೆಯದು ಕಾಗುಣಿತ. ಗಡಿನಾಡಿನ ಕನ್ನಡಿಗರಿಗೆ ಇದು ಬಹಳ ಹತ್ತಿರದ ಸಂಗತಿ.

ಕನ್ನಡದಲ್ಲಿ ‘ಲಕ್ಷ್ಮೀ’ ಎಂಬ ಹೆಸರಿಗೆ ಒಂದು ಬರಹ. ರೋಮನ್ ಲಿಪಿಗೆ ಇಳಿಸುವಾಗ ಕರ್ನಾಟಕದಲ್ಲಿ ನಡುವೆ ‘ಕೆ-ಎಸ್-ಎಚ್’ ಬರೆಯುವುದು ರೂಢಿ. ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆ ಆ ಜಾಗದಲ್ಲಿ ‘ಎಕ್ಸ್’ ಎಂಬ ಒಂದೇ ಅಕ್ಷರ ಬರುವುದುಂಟು. ಕೇರಳದಲ್ಲಿ ಮೊದಲ ಸ್ವರವನ್ನೇ ‘ಎ’ ಬದಲು ‘ಇ’ ಎಂದು ಬರೆಯುವವರಿದ್ದಾರೆ. ‘ಗೀತಾ’, ‘ಲತಾ’ ಎಂಬ ಹೆಸರುಗಳ ‘ತ’ಕಾರಕ್ಕೆ ದಕ್ಷಿಣದಲ್ಲಿ ‘ಟಿ-ಎಚ್’ ಬಳಸುತ್ತಾರೆ, ಮಹಾರಾಷ್ಟ್ರದಲ್ಲಿ ‘ಟಿ’ ಮಾತ್ರ. ದೀರ್ಘ ‘ಈ’ಗೆ ಒಬ್ಬರು ‘ಇ’ ಅಕ್ಷರವನ್ನು ಎರಡು ಬಾರಿ ಬರೆದರೆ ಇನ್ನೊಬ್ಬರು ‘ಐ’ ಬರೆಯುತ್ತಾರೆ. ಕಿವಿಗೆ ಒಂದೇ ಆದ ಹೆಸರುಗಳು ಡೈರೆಕ್ಟರಿಗೆ ಬೇರೆ ಬೇರೆಯಾಗುತ್ತವೆ.

ಹೆಸರಿನ ಭಾಗಗಳ ಕ್ರಮವೂ ಹೀಗೆಯೇ. ಡೈರೆಕ್ಟರಿಯಲ್ಲಿ ಕೊಟ್ಟ ಹೆಸರಿಗೆ ಒಂದು ಅಂಕಣ, ಮನೆತನದ ಹೆಸರಿಗೆ ಇನ್ನೊಂದು. ಕಾಸರಗೋಡಿನಲ್ಲಿ ಹೆಸರಿನ ಕೊನೆಗೆ ಒಂದೆರಡು ಮೊದಲಕ್ಷರಗಳಷ್ಟೇ ಇರಬಹುದು. ತಾಳವಾಡಿ, ಹೊಸೂರುಗಳಲ್ಲಿ ಅವು ಹೆಸರಿನ ಮುಂದೆ ಬರುತ್ತವೆ. ಸೊಲ್ಲಾಪುರದಲ್ಲಿ ಹೆಸರು, ತಂದೆಯ ಅಥವಾ ಗಂಡನ ಹೆಸರು, ಅಡ್ಡಹೆಸರು ಎಂಬ ಮೂರು ಭಾಗಗಳಿರುತ್ತವೆ. ಆಂಧ್ರ, ತೆಲಂಗಾಣಗಳಲ್ಲಿ ಮನೆತನದ ಹೆಸರು ಮೊದಲು ಬರುವುದು ಸಾಮಾನ್ಯ. ಮನೆತನದ ಹೆಸರೇ ಇಲ್ಲದವರ ಮೊದಲಕ್ಷರವನ್ನು ಆ ಅಂಕಣಕ್ಕೆ ತುಂಬಿದಾಗ, ಮುಂದೆ ಅದನ್ನು ಹುಡುಕುವವರು ಯಾವ ಅಂಕಣವನ್ನು ಕೇಳಬೇಕೆಂದು ತಿಳಿಯದೆ ಬರಿಗೈಯಲ್ಲಿ ಹಿಂದಿರುಗುತ್ತಾರೆ. ಆಗ ‘ಇಂಥ ವಿದ್ಯಾರ್ಥಿ ನಮ್ಮ ದಾಖಲೆಯಲ್ಲಿಲ್ಲ’ ಎಂಬ ಮಾತು ಸಲೀಸಾಗಿ ಹೊರಡುತ್ತದೆ.

ಇದಕ್ಕೆ ಮೂರು ಉಪಾಯಗಳಿವೆ.

ಮೊದಲನೆಯದು ನಕ್ಷತ್ರ ಚಿಹ್ನೆ. ‘ಏನಾದರೂ ಇರಲಿ’ ಎಂಬುದು ಅದರ ಅರ್ಥ.

ಡಿಎಸ್‌ಕ್ವೆರಿ ಯೂಸರ್ -ನೇಮ್ ಲ*ಮಿ*

ರೋಮನ್ನಿನಲ್ಲಿ ‘ಎಲ್’, ನಕ್ಷತ್ರ, ‘ಎಮ್-ಐ’, ನಕ್ಷತ್ರ ಎಂದು ಬರೆದರೆ ಮೇಲೆ ಹೇಳಿದ ಲಕ್ಷ್ಮಿಯ ಮೂರು ರೂಪಗಳೂ ದೊರೆಯುತ್ತವೆ. ಕೊನೆಯ ಸ್ವರಕ್ಕೆ ‘ವೈ’ ಬರೆದವರು ಇಲ್ಲಿಯೂ ತಪ್ಪಿಹೋಗುತ್ತಾರೆ; ಬೇಡವಾದ ಇತರ ಹೆಸರುಗಳೂ ಬರಬಹುದು. ಬಂದುದರಲ್ಲಿ ಆರಿಸಿಕೊಳ್ಳುವುದು ನಮ್ಮ ಕೆಲಸ.

ಎರಡನೆಯದು ಎಲ್‌ಡ್ಯಾಪ್ ಸೋಸುಸೂತ್ರ. ಇದರಲ್ಲಿ ಸಂಬಂಧಸೂಚಕ ಚಿಹ್ನೆ ಮೊದಲು, ಷರತ್ತುಗಳು ಆನಂತರ. ಲಂಬರೇಖೆ ‘ಅಥವಾ’ ಎಂಬ ಅರ್ಥವನ್ನೂ, ಆ್ಯಂಪರ್‌ಸ್ಯಾಂಡ್ ‘ಮತ್ತು’ ಎಂಬ ಅರ್ಥವನ್ನೂ, ಆಶ್ಚರ್ಯಸೂಚಕ ಚಿಹ್ನೆ ‘ಅಲ್ಲ’ ಎಂಬ ಅರ್ಥವನ್ನೂ ಕೊಡುತ್ತವೆ. ‘ಅಥವಾ (ಹೆಸರು ಹೀಗೆ ಆರಂಭವಾಗುವುದು) (ಹೆಸರು ಹಾಗೆ ಆರಂಭವಾಗುವುದು)’ ಎಂಬ ಕ್ರಮದಲ್ಲಿ ಬರೆದರೆ ‘ಗೀತಾ’ಳ ಎರಡು ಕಾಗುಣಿತಗಳನ್ನೂ ಒಂದೇ ಪ್ರಶ್ನೆಯಲ್ಲಿ ಹಿಡಿಯಬಹುದು.

ಮೂರನೆಯದು ಎಎನ್‌ಆರ್ ಎಂಬ ಕೃತಕ ಅಂಕಣ. ಇದನ್ನು ಸೋಸುಸೂತ್ರದಲ್ಲಿ ಬಳಸಿದರೆ ಆ್ಯಕ್ಟಿವ್ ಡೈರೆಕ್ಟರಿ ಕೊಟ್ಟ ಹೆಸರು, ಮನೆತನದ ಹೆಸರು, ಪ್ರದರ್ಶನದ ಹೆಸರು, ಖಾತೆಯ ಹೆಸರು ಮೊದಲಾದ ಹಲವು ಅಂಕಣಗಳನ್ನು ಒಟ್ಟಿಗೆ ನೋಡುತ್ತದೆ. ಹೆಸರು ಯಾವ ಅಂಕಣದಲ್ಲಿದೆ ಎಂದು ತಿಳಿಯದಿದ್ದಾಗ ಇದು ತುಂಬ ಉಪಯುಕ್ತ.

ಹೆಸರನ್ನು ಕನ್ನಡದಲ್ಲಿಯೇ ಇಡಬಾರದೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಇಡಬಹುದು. ಆ್ಯಕ್ಟಿವ್ ಡೈರೆಕ್ಟರಿ ಯುನಿಕೋಡ್ ಪಠ್ಯವನ್ನು ಸ್ವೀಕರಿಸುತ್ತದೆ. ಪ್ರದರ್ಶನದ ಹೆಸರನ್ನು ಕನ್ನಡ ಲಿಪಿಯಲ್ಲಿ ದಾಖಲಿಸಲು ಅಡ್ಡಿಯಿಲ್ಲ. ಹಳೆಯ ಆಜ್ಞಾಸಾಲಿನ ಕಿಟಕಿ ಒತ್ತಕ್ಷರಗಳನ್ನು ಕೂಡಿಸಿ ತೋರಿಸಲಾರದಾದರೂ ದಾಖಲೆಯ ಒಳಗೆ ಅಕ್ಷರಗಳು ಸರಿಯಾಗಿಯೇ ಇರುತ್ತವೆ. ಒಳಬರಲು ಬಳಸುವ ಖಾತೆಯ ಹೆಸರು ರೋಮನ್ನಿನಲ್ಲಿರಲಿ, ಜನರಿಗೆ ಕಾಣುವ ಹೆಸರು ಅವರ ಭಾಷೆಯಲ್ಲಿರಲಿ ಎಂಬುದು ಸಾಧ್ಯವಾದ, ನ್ಯಾಯವಾದ ವ್ಯವಸ್ಥೆ.

6. ಪಟ್ಟಿಯ ಮಿತಿ, ದಿನಾಂಕದ ಮಿತಿ

‘ಡಿಎಸ್‌ಕ್ವೆರಿ ಯೂಸರ್’ ಎಂದು ಕೇಳಿದಾಗ ಸರಿಯಾಗಿ 100 ಹೆಸರುಗಳು ಬಂದರೆ ಸಂತೋಷಪಡುವ ಬದಲು ಸಂಶಯಪಡಬೇಕು. ಮಿತಿಯನ್ನು ಹೇಳದಿದ್ದರೆ ಈ ಆಜ್ಞೆ ಮೊದಲ 100ನ್ನು ಮಾತ್ರ ಕೊಡುತ್ತದೆ. ‘-ಲಿಮಿಟ್ 0’ ಎಂದು ಸೇರಿಸಿದರೆ ಮಿತಿ ತೆಗೆದುಹೋಗುತ್ತದೆ.

ಬಹುಕಾಲ ಬಳಸದ ಖಾತೆಗಳನ್ನು ಹುಡುಕಲು ‘ಡಿಎಸ್‌ಕ್ವೆರಿ ಯೂಸರ್ -ಇನ್‌ಆ್ಯಕ್ಟಿವ್ 12’ ಎಂದು ಕೇಳಬಹುದು. ಇಲ್ಲಿ 12 ಎಂದರೆ ವಾರಗಳು. ಗುಪ್ತಪದವನ್ನು ಬದಲಿಸದೆ ಉಳಿದವರಿಗಾಗಿ ‘-ಸ್ಟೇಲ್‌ಪಿಡಬ್ಲ್ಯೂಡಿ 90’ ಎಂದು ಕೇಳಬೇಕು. ಇಲ್ಲಿ 90 ಎಂದರೆ ದಿನಗಳು. ಒಂದೇ ಆಜ್ಞೆಯಲ್ಲಿ ಎರಡು ಬಗೆಯ ಮಾನಗಳಿರುವುದನ್ನು ಗಮನಿಸಬೇಕು.

ಕೊನೆಯ ಪ್ರವೇಶದ ದಿನಾಂಕವನ್ನು ಓದುವಾಗಲೂ ಎಚ್ಚರ ಬೇಕು. ದೊಡ್ಡ ಡೊಮೇನಿನಲ್ಲಿ ಒಂದಕ್ಕಿಂತ ಹೆಚ್ಚು ನಿಯಂತ್ರಕಗಳಿರುತ್ತವೆ. ಕೊನೆಯ ಪ್ರವೇಶದ ನಿಖರವಾದ ವೇಳೆಯನ್ನು ಪ್ರತಿಯೊಂದು ನಿಯಂತ್ರಕವೂ ತನ್ನಲ್ಲಿಯೇ ಇಟ್ಟುಕೊಳ್ಳುತ್ತದೆ, ಇತರರಿಗೆ ತಿಳಿಸುವುದಿಲ್ಲ. ಎಲ್ಲರೊಡನೆ ಹಂಚಿಕೊಳ್ಳುವ ಇನ್ನೊಂದು ದಿನಾಂಕವಿದೆ. ಅದು ಮೂಲ ವ್ಯವಸ್ಥೆಯಲ್ಲಿ ಸುಮಾರು 14 ದಿನಗಳವರೆಗೆ ಹಿಂದುಳಿದಿರಬಹುದು. ಆದ್ದರಿಂದ ‘ಕಳೆದ ವಾರ ಇವರು ಬಂದಿಲ್ಲ’ ಎಂದು ಈ ದಾಖಲೆಯ ಆಧಾರದಿಂದ ಯಾರ ಮೇಲೂ ದೋಷ ಹೊರಿಸಬಾರದು. ಮೂರು ತಿಂಗಳಿಂದ ಬಂದಿಲ್ಲ ಎಂದು ಹೇಳಲು ಈ ದಾಖಲೆ ಸಾಕಾಗುತ್ತದೆ.

7. ಲಿನಕ್ಸ್ ಗಣಕದಿಂದ

ಕೇರಳದ ಶಾಲೆಗಳಲ್ಲಿ ಐಟಿ ಅಟ್ ಸ್ಕೂಲ್ ಯೋಜನೆಯ ಮತ್ತು ಅದರ ಮುಂದುವರಿಕೆಯಾದ ಕೈಟ್ ಸಂಸ್ಥೆಯ ಮೂಲಕ ಗ್ನು ಲಿನಕ್ಸ್ ಬಳಕೆಯಲ್ಲಿದೆ. ಕಾಸರಗೋಡಿನ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಅದರ ಪರಿಚಯ ಇದ್ದೇ ಇರುತ್ತದೆ. ಲಿನಕ್ಸ್ ಗಣಕವನ್ನೂ ಡೊಮೇನಿಗೆ ಸೇರಿಸಬಹುದು. ಆಗ ‘ಐಡಿ’ ಎಂಬ ಆಜ್ಞೆಯೊಡನೆ ಖಾತೆಯ ಹೆಸರನ್ನು ಕೊಟ್ಟರೆ ಆ ಬಳಕೆದಾರನ ಸಂಖ್ಯೆಯೂ ಗುಂಪುಗಳೂ ತಿಳಿಯುತ್ತವೆ. ‘ಗೆಟ್‌ಎಂಟ್ ಪಾಸ್‌ವರ್ಡ್’ ಎಂಬುದು ಬಳಕೆದಾರರನ್ನೂ ‘ಗೆಟ್‌ಎಂಟ್ ಗ್ರೂಪ್’ ಎಂಬುದು ಗುಂಪುಗಳನ್ನೂ ಕೊಡುತ್ತವೆ. ಮೊದಲನೆಯದರಲ್ಲಿ ಎರಡನೆಯ ಪದವನ್ನು ‘ಪಿ-ಎ-ಎಸ್-ಎಸ್-ಡಬ್ಲ್ಯೂ-ಡಿ’ ಎಂದು ಮೊಟಕಾಗಿ ಬರೆಯಬೇಕು.

ಇಲ್ಲಿಯೂ ಮೌನದ ಪಾಠವಿದೆ. ಎಸ್‌ಎಸ್‌ಎಸ್‌ಡಿ ಎಂಬ ಸೇವೆಯ ಮೂಲಕ ಡೊಮೇನಿಗೆ ಸೇರಿದ ಗಣಕದಲ್ಲಿ ಹೆಸರು ಕೊಡದೆ ಪೂರ್ತಿ ಪಟ್ಟಿಯನ್ನು ಕೇಳಿದರೆ ಡೊಮೇನಿನ ಹೆಸರುಗಳು ಸಾಮಾನ್ಯವಾಗಿ ಕಾಣುವುದಿಲ್ಲ. ಎಣಿಕೆ ಮಾಡಿ ಹೇಳುವ ವ್ಯವಸ್ಥೆಯನ್ನು ಅಲ್ಲಿ ಮೂಲತಃ ಮುಚ್ಚಿರುತ್ತಾರೆ. ಅದೇ ಗಣಕದಲ್ಲಿ ಒಂದು ಹೆಸರನ್ನು ಹಿಡಿದು ಕೇಳಿದರೆ ಉತ್ತರ ಬರುತ್ತದೆ.

8. ಕೇಳುವ ಹಕ್ಕು, ಕೇಳುವವರ ಹೊಣೆ

ಆ್ಯಕ್ಟಿವ್ ಡೈರೆಕ್ಟರಿಯ ಮೂಲ ವ್ಯವಸ್ಥೆಯಂತೆ ಡೊಮೇನಿಗೆ ಒಳಬಂದ ಯಾವ ಬಳಕೆದಾರನಾದರೂ ಇತರರ ಬಹುಪಾಲು ವಿವರಗಳನ್ನು ಓದಬಲ್ಲನು. ಗಣಕಗಳು ಒಂದನ್ನೊಂದು ಗುರುತಿಸಿ ಕೆಲಸ ಮಾಡಲು ಈ ಮುಕ್ತತೆ ಬೇಕಾಗಿದೆ. ಆದರೆ ಕಳ್ಳನಿಗೂ ಅದೇ ದಾರಿ. ಒಬ್ಬ ವಿದ್ಯಾರ್ಥಿಯ ಗುಪ್ತಪದವನ್ನು ಕದ್ದವನು ಮೊದಲು ಕೇಳುವ ಪ್ರಶ್ನೆಗಳು ನಾವು ಕಲಿತ ಇವೇ: ಯಾರು ಇದ್ದಾರೆ, ಯಾರು ಪ್ರಬಲರು, ಯಾರ ಖಾತೆ ಯಾರ ಗಮನಕ್ಕೂ ಬಾರದೆ ಬಿದ್ದಿದೆ. ಜಾಲಗಳ ಮೇಲಿನ ದಾಳಿಯ ವಿಧಾನಗಳನ್ನು ವರ್ಗೀಕರಿಸುವ ಮೈಟರ್ ಅಟ್ಯಾಕ್ ಎಂಬ ಕೋಷ್ಟಕದಲ್ಲಿ ಡೊಮೇನ್ ಖಾತೆಗಳ ಶೋಧ ಒಂದು ಉಪವಿಧಾನವಾಗಿ ದಾಖಲಾಗಿದೆ.

ಆದುದರಿಂದ ಈ ಆಜ್ಞೆಗಳನ್ನು ತಮ್ಮ ಸಂಸ್ಥೆಯಲ್ಲಿ, ಹೊಣೆಯಿರುವವರ ಒಪ್ಪಿಗೆ ಪಡೆದು ಮಾತ್ರ ಬಳಸಬೇಕು. ಅನುಮತಿಯಿಲ್ಲದೆ ಬೇರೊಬ್ಬರ ಗಣಕವನ್ನೋ ಜಾಲವನ್ನೋ ಪ್ರವೇಶಿಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಂತೆ ದಂಡಾರ್ಹ. ದೊರೆತ ಪಟ್ಟಿಯನ್ನು ಹಂಚುವುದೂ ಸಲ್ಲದು. ಅದರಲ್ಲಿರುವುದು ಸಹಪಾಠಿಗಳ, ಗುರುಗಳ ಖಾಸಗಿ ವಿವರ.

ಉಪಸಂಹಾರ

ಆಜ್ಞಾಸಾಲಿನ ಭಾಷೆಯಲ್ಲಿ ಪದಗಳು ಕಡಮೆ, ನಿಯಮಗಳು ಕಠಿಣ. ನಾವು ಹೇಳದೆ ಬಿಟ್ಟುದನ್ನು ಮನುಷ್ಯ ಸಂದರ್ಭದಿಂದ ತುಂಬಿಕೊಳ್ಳುತ್ತಾನೆ. ಗಣಕವು ತನಗೆ ಮೊದಲೇ ಕಲಿಸಿಟ್ಟ ಪೂರ್ವನಿಶ್ಚಿತ ಅರ್ಥದಿಂದ ತುಂಬಿಕೊಳ್ಳುತ್ತದೆ. ಸ್ಥಳ ಹೇಳದಿದ್ದರೆ ‘ಇಲ್ಲಿಯೇ’ ಎಂದುಕೊಳ್ಳುತ್ತದೆ, ಆಳ ಹೇಳದಿದ್ದರೆ ‘ಮೇಲಿನಷ್ಟೇ’ ಎಂದುಕೊಳ್ಳುತ್ತದೆ, ಮಿತಿ ಹೇಳದಿದ್ದರೆ ನೂರಕ್ಕೆ ನಿಲ್ಲುತ್ತದೆ. ಹೆಸರೊಂದು ದೊರೆಯಲಿಲ್ಲವೆಂದು ತೀರ್ಪು ಕೊಡುವ ಮೊದಲು ಎಲ್ಲಿ ಕೇಳಿದೆ, ಎಷ್ಟು ಆಳಕ್ಕೆ ಕೇಳಿದೆ, ಯಾವ ಕಾಗುಣಿತದಲ್ಲಿ ಕೇಳಿದೆ ಎಂಬ ಮೂರನ್ನು ಪರಿಶೀಲಿಸುವುದು ಕಚೇರಿಯ ಮೇಜಿನ ಹಿಂದೆ ಕುಳಿತುಕೊಳ್ಳುವ ಪ್ರತಿಯೊಬ್ಬರ ಕರ್ತವ್ಯ. ಮೇಜಿನ ಮುಂದೆ ನಿಂತವರ ಪ್ರವೇಶ, ಫಲಿತಾಂಶ, ಕೆಲವೊಮ್ಮೆ ವೇತನವೂ ಆ ಹೆಸರು ದೊರೆಯುವುದನ್ನು ಅವಲಂಬಿಸಿರುತ್ತದೆ.

ಅಭ್ಯಾಸ

1. ‘ನೆಟ್ ಯೂಸರ್’ ಮತ್ತು ‘ನೆಟ್ ಯೂಸರ್ /ಡೊಮೇನ್’ ಎಂಬ ಆಜ್ಞೆಗಳ ಉತ್ತರಗಳು ಏಕೆ ಭಿನ್ನವಾಗುತ್ತವೆ? ಕಾರಕದ ಪರಿಭಾಷೆಯಲ್ಲಿ ವಿವರಿಸಿರಿ.

2. ಗುಂಪಿನೊಳಗಣ ಗುಂಪನ್ನು ‘ನೆಟ್ ಗ್ರೂಪ್’ ತೋರಿಸುವುದಿಲ್ಲ. ಇದರಿಂದ ಆಗಬಹುದಾದ ಅಪಾಯವನ್ನು ಒಂದು ಉದಾಹರಣೆಯಿಂದ ನಿರೂಪಿಸಿರಿ.

3. ನಿಮ್ಮ ತರಗತಿಯ ಐದು ಹೆಸರುಗಳನ್ನು ಆರಿಸಿಕೊಂಡು, ಅವುಗಳ ಸಂಭವನೀಯ ರೋಮನ್ ಕಾಗುಣಿತಗಳನ್ನು ಪಟ್ಟಿಮಾಡಿರಿ. ಪ್ರತಿಯೊಂದಕ್ಕೂ ಎಲ್ಲ ರೂಪಗಳನ್ನು ಹಿಡಿಯಬಲ್ಲ ನಕ್ಷತ್ರ ವಿನ್ಯಾಸವನ್ನು ರಚಿಸಿರಿ.

4. ಪ್ರಶ್ನೆಯು ವಿಧಿಯಾಗಿ ಪರಿವರ್ತಿತವಾಗುವ ಸಂದರ್ಭವನ್ನು ಪಾಠದ ಆಧಾರದಿಂದ ವಿವರಿಸಿ, ಅದನ್ನು ತಪ್ಪಿಸುವ ಎರಡು ಮಾರ್ಗಗಳನ್ನು ಸೂಚಿಸಿರಿ.

5. ಪ್ರಯೋಗಾಲಯದಲ್ಲಿ, ಅಧ್ಯಾಪಕರ ಅನುಮತಿ ಪಡೆದು, ‘ಹೂಆ್ಯಮ್‌ಐ /ಗ್ರೂಪ್ಸ್’ ಆಜ್ಞೆಯನ್ನು ನಡೆಸಿ, ನಿಮ್ಮ ಖಾತೆ ಸೇರಿರುವ ಗುಂಪುಗಳ ಹೆಸರುಗಳಿಗೆ ಸೂಕ್ತವಾದ ಕನ್ನಡ ಪದಗಳನ್ನು ಬರೆಯಿರಿ.